ಕೆಮಿಕಲ್ ಇಲ್ಲದ ಸಾಬೂನು ಎಲ್ಲೈತ್ರಿ?

ನಮ್ಮ ಅಕ್ಕಲಕೋಟೆ ಕಡೆ ಜಾತ್ರೆಗಳೊಳಗ ಈಗೀಗ ಮನೆಯಲ್ಲಿ ಮಾಡಿದ ಸಾಬೂನು ಮಾರಾಕ ಬರತಾವ. ಚೀಟಿ ಮ್ಯಾಲೆ ಮರಾಠಿಯೊಳಗ 'ಕೆಮಿಕಲ್ ನಾಹಿ' ಅಂತ ಬರೆದಿರತಾರ. ಬೇವು, ಅರಿಷಿಣ, ಆಕಳ ಹಾಲು ಹಾಕೀವಿ ಅಂತಾರ. ಹಾಕಿರಲಿ ಬಿಡ್ರಿ. ಆದರೆ ಎಣ್ಣೆಯನ್ನು ಸಾಬೂನು ಮಾಡಿದ್ದು ಬೇವಲ್ಲ, ಕಾಸ್ಟಿಕ್ ಸೋಡಾ. ಅದನ್ನು ಮುಚ್ಚಿಡುವವರ ಮೇಲೆ ನನ್ನ ತಕರಾರು.

ನಾನು ಏಳನೇ ಇಯತ್ತೆ ಕಲಿತಾಂವ, ಒಕ್ಕಲುತನ ಮಾಡಿ ಡೊಳ್ಳಿನ ಪದ ಹಾಡಾಂವ. ನನಗ ತಿಳಿದದ್ದು ಅವರಿಗೆ ತಿಳಿಯದೇನು? ಎಣ್ಣೆ ಅಂದರೆ ಒಂದು ಗೂಟಕ್ಕ ಮೂರು ದನ ಕಟ್ಟಿದಂಗ. ಗೂಟ ಗ್ಲಿಸರಿನ್, ದನ ಕೊಬ್ಬಿನ ಆಮ್ಲ. ಕಾಸ್ಟಿಕ್ ಬಂದು ಹಗ್ಗ ಬಿಚ್ಚತೈತಿ. ಅದರೊಳಗಿನ ಸೋಡಿಯಂ ಒಂದೊಂದು ದನಕ್ಕ ಜೋಡಾಗತೈತಿ. ಆ ಜೋಡಿಯೇ ಸಾಬೂನು. ಅದರ ಒಂದು ತುದಿ ಜಿಡ್ಡು ಹಿಡಿತೈತಿ, ಇನ್ನೊಂದು ತುದಿ ನೀರು ಹಿಡಿತೈತಿ. ಹಂಗಾಗಿ ಹೊಲಸು ನೀರಿನ ಕೂಡ ಹೋಗತೈತಿ.

ಅಳತೆ ಸರಿಯಿದ್ದು, ಕೆಲವು ವಾರ ಮಾಗಿದರೆ ಸಾಬೂನಿನೊಳಗ ಕಾಸ್ಟಿಕ್ ಉಳಿಯೂದಿಲ್ಲ. ಇದನ್ನ ಹೇಳಾಕ ನಾಚಿಕೆ ಯಾಕ? ಆದರೆ ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ಬೇಕು, ಶೇಂಗಾ ಎಣ್ಣೆಗೆ 135 ಸಾಕು. ಕೊಬ್ಬರಿ ಅಳತೆ ಶೇಂಗಾಕ್ಕ ಹಾಕಿದರೆ 45 ಗ್ರಾಂ ಹಂಗ ಉಳೀತು, ಚರ್ಮ ಸುಟ್ಟಿತು. ಎಷ್ಟು ದಿನ ಮಾಗಿಸಿದರೂ ಆ ತಪ್ಪು ತಿದ್ದೂದಿಲ್ಲ.

ನಮ್ಮ ಹಿಂದಿನವರು ಸವಳು ಮಣ್ಣು, ಬೂದಿಯೊಳಗ ಅರಿವಿ ಒಗೀತಿದ್ದರಲ್ಲ ಅಂತ ಕೇಳತಾರ. ಅವೂ ಕ್ಷಾರಾನೇ. ಕ್ಷಾರ ಬ್ಯಾಡಾದರೆ ಅಂಟವಾಳಕಾಯಿ ಮಾರ್ರಿ. ಅದಕ್ಕ ತಾನೇ ನೊರೆ ಐತಿ, ಅದು ಸಾಬೂನಲ್ಲ.

ನನ್ನ ಸಿಟ್ಟು ಚೀಟಿಗಿಂತ ತರಬೇತಿ ಮ್ಯಾಲೆ ಹೆಚ್ಚು. ಒಂದು ಊರಾಗ ಹೆಣ್ಣುಮಕ್ಕಳಿಗೆ ಕಲಿಸಾಕ ಬಂದವರು ಕಾಸ್ಟಿಕ್‌ಗೆ 'ಗಟ್ಟಿ ಮಾಡೋ ಪುಡಿ' ಅಂದರು. ತಕ್ಕಡಿ ಇಲ್ಲ, ಒಂದು ವಾಟಗಾ ಅಳತೆ. ಕಲಸಾಕ ಅಲ್ಯುಮಿನಿಯಂ ಬೋಗುಣಿ! ಕಾಸ್ಟಿಕ್ ಅಲ್ಯುಮಿನಿಯಂ ತಿಂತೈತಿ, ಹತ್ತಿ ಉರಿಯುವ ಹೈಡ್ರೋಜನ್ ಬಿಡತೈತಿ. ಪುಡಿಯನ್ನು ಸ್ವಲ್ಪ ಸ್ವಲ್ಪ ತಣ್ಣೀರಿಗೆ ಹಾಕಬೇಕು. ಪುಡಿ ಮ್ಯಾಲೆ ನೀರು ಸುರುವಿದರೆ ಕುದ್ದು ಸಿಡಿತೈತಿ, ಕಣ್ಣು ಹೋಗತಾವ. ಕೈಚೀಲ, ಕನ್ನಡಕ ಯಾರೂ ಕೊಟ್ಟಿರಲಿಲ್ಲ. ಕೂಸು ಕಂಕುಳಾಗ ಇಟ್ಟುಕೊಂಡು ಕುಂತವರೂ ಇದ್ದರು.

ಖರೇ ಹೆಸರು ಹೇಳಿದರೆ ಹೆದರತಾರಂತ. ಸುಣ್ಣದ ಹಳ್ಳು ನೀರಾಗ ಬಿದ್ದರೆ ಕುದೀತೈತಿ ಅಂತ ಅಜ್ಜಿ ಕಾಲದಿಂದ ತಿಳಿದವರು ಇದಕ್ಕ ಹೆದರತಾರೇನು? ಪುಡಿಯ ಹೆಸರು ಹೇಳ್ರಿ, ತಕ್ಕಡಿ ತರ್ರಿ, ಸ್ಟೀಲ್ ಪಾತೇಲಿ ಇಡ್ರಿ. ಚೀಟಿ ಮ್ಯಾಲೆ ಎಣ್ಣೆ ಯಾವುದು, ಕಾಸ್ಟಿಕ್ ಎಷ್ಟು ಅಂತ ಕನ್ನಡದಾಗೂ ಮರಾಠಿಯಾಗೂ ಬರೀರಿ. ಆ ಸಾಬೂನು ನಾನು ರೊಕ್ಕ ಕೊಟ್ಟು ತಗೋತೀನಿ.