ಸಾಮಾನ್ಯ ವೈದ್ಯವೃತ್ತಿಯ ಡಾಕ್ಟರೇಟ್ ಸಂಶೋಧನೆ ನಮ್ಮ ತಾಲ್ಲೂಕುಗಳಲ್ಲೇ ನಡೆಯಲಿ: ಮನವಿ ಪತ್ರ

ಇವರಿಗೆ,
ಮಾನ್ಯ ಕುಲಪತಿಗಳು,
ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ,
ಜಯನಗರ, ಬೆಂಗಳೂರು.

ಇವರಿಂದ,
ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಾಮಾನ್ಯ ವೈದ್ಯರು, ಸರ್ಕಾರಿ ವೈದ್ಯಾಧಿಕಾರಿಗಳು ಹಾಗೂ ನಾಗರಿಕರು.

ವಿಷಯ: ಸಾಮಾನ್ಯ ವೈದ್ಯವೃತ್ತಿ ಹಾಗೂ ವೈದ್ಯಕೀಯ ಶಿಕ್ಷಣದಲ್ಲಿ ಅರೆಕಾಲಿಕ ಪಿಎಚ್.ಡಿ. ಸಂಶೋಧನೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಅವಕಾಶ ಕಲ್ಪಿಸಿಕೊಡುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ತುಮಕೂರು ಜಿಲ್ಲೆಯ ಉತ್ತರ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೂ ವೈದ್ಯಕೀಯ ಕಾಲೇಜಿಲ್ಲ. ಶ್ರೀ ಸಿದ್ಧಾರ್ಥ, ಶ್ರೀದೇವಿ, ಸಿದ್ಧಗಂಗಾ ಕಾಲೇಜುಗಳೆಲ್ಲ ತುಮಕೂರಿನಲ್ಲಿವೆ. ಪಾವಗಡದಿಂದ ಅಲ್ಲಿಗೆ ಸುಮಾರು ನೂರು ಕಿಲೋಮೀಟರ್. ಹೀಗಾಗಿ ಇಲ್ಲಿನ ಜನರ ಕಾಯಿಲೆ ಕಸಾಲೆ ನೋಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮತ್ತು ಬಸ್ ನಿಲ್ದಾಣದ ಆಸುಪಾಸಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಎಂ.ಬಿ.ಬಿ.ಎಸ್. ಡಾಕ್ಟರು. ಒಂದು ಮನೆಯ ಮೂರು ತಲೆಮಾರನ್ನು ಬಲ್ಲವರು ಇವರೇ. ಆದರೆ ಸಂಶೋಧನೆ ಎಂಬ ಮಾತು ಬಂದಾಗ ಇವರನ್ನು ಯಾರೂ ಕೇಳುವುದಿಲ್ಲ. ಇವರಿಗೆ ತಮ್ಮ ಕ್ಲಿನಿಕ್ಕಿನಲ್ಲೇ ಕುಳಿತು, ತಮ್ಮ ರೋಗಿಗಳ ಬಗ್ಗೆಯೇ ಸಂಶೋಧನೆ ಮಾಡಿ ಪಿಎಚ್.ಡಿ. ಪಡೆಯುವ ದಾರಿ ಬೇಕು. ಈ ಮನವಿಯ ತಿರುಳು ಇಷ್ಟೇ.

ನಮ್ಮ ಜಿಲ್ಲೆಯ ಆರೋಗ್ಯ ವ್ಯವಸ್ಥೆಯ ಮೇಲೆ ಡಾಕ್ಟರೇಟ್ ಮಟ್ಟದ ಸಂಶೋಧನೆ ಆಗಿಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಜಿಲ್ಲೆ ಮತ್ತು ತಾಲ್ಲೂಕು ಮಟ್ಟದ ಆರೋಗ್ಯಾಧಿಕಾರಿಗಳಿಗಾಗಿ ನಡೆದ ಸಾಮರ್ಥ್ಯ ವೃದ್ಧಿ ತರಬೇತಿಯನ್ನು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನ ಡಾ. ಎನ್.ಎಸ್. ಪ್ರಶಾಂತ್ ಅವರು ಆಳವಾಗಿ ಅಧ್ಯಯನ ಮಾಡಿದರು. ಅದೇ ತರಬೇತಿ ಪಡೆದರೂ ಒಂದು ತಾಲ್ಲೂಕಿನಲ್ಲಿ ಬದಲಾವಣೆ ಕಂಡು ಇನ್ನೊಂದರಲ್ಲಿ ಕಾಣದಿರಲು ಕಾರಣವೇನು ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಕುರಿತ ಲೇಖನ 2014ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂತು. ಡಾಕ್ಟರೇಟ್ ಸಿಕ್ಕಿದ್ದು ಬೆಲ್ಜಿಯಂ ದೇಶದಿಂದ. ನಮ್ಮ ತಾಲ್ಲೂಕು ಕಚೇರಿಗಳ ಒಳಗುಟ್ಟನ್ನು ಅಷ್ಟು ಶ್ರದ್ಧೆಯಿಂದ ಪರಿಶೀಲಿಸಿದ ಆ ಕೆಲಸದ ಬಗ್ಗೆ ನಮಗೆ ಗೌರವವಿದೆ. ತುಮಕೂರಿನ ಪ್ರಶ್ನೆಗೆ ಬೆಲ್ಜಿಯಂನಲ್ಲಿ ಮಾರ್ಗದರ್ಶಕರು ಸಿಗುವುದಾದರೆ ಜಯನಗರದಲ್ಲೂ ಸಿಗಬೇಕು ಎಂಬುದು ನಮ್ಮ ನ್ಯಾಯವಾದ ನಿರೀಕ್ಷೆ.

ಯಾವ ಬಗೆಯ ಸಂಶೋಧನೆ ಎಂದು ತಾವು ಕೇಳಬಹುದು. ಪಾವಗಡದಿಂದಲೇ ಆರಂಭಿಸುತ್ತೇವೆ. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ತಿಳಿದದ್ದೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ ಎನ್ನುತ್ತದೆ ಭಾರತೀಯ ಮಾನಕ. ನಲವತ್ತೈದು ದಾಟಿದ ಹೆಣ್ಣುಮಗಳೊಬ್ಬಳು ಸಂತೆ ದಿನ ಆಸ್ಪತ್ರೆಗೆ ಬರುತ್ತಾಳೆ. ಕೂತರೆ ಏಳಲಾಗದು, ಕತ್ತು ತಿರುಗಿಸಲಾಗದು. ಹಳೆಯ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿರುತ್ತಾಳೆ. ಒ.ಪಿ.ಡಿ. ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಹೆಸರು, ವಯಸ್ಸು, ಊರು, ಕಾಯಿಲೆ, ಔಷಧಿ ಎಂಬ ಕಲಂಗಳಿವೆ. ಕಾಯಿಲೆ ಎಂಬಲ್ಲಿ 'ಮಂಡಿ ನೋವು' ಎಂದು ಬರೆದು ಗುಳಿಗೆ ಕೊಟ್ಟು ಕಳಿಸಬೇಕಾಗುತ್ತದೆ, ಏಕೆಂದರೆ ಹಿಂದೆ ಇನ್ನೂ ಎಂಬತ್ತು ಜನ ಸಾಲಿನಲ್ಲಿದ್ದಾರೆ. ಅವಳು ಯಾವ ಕೊಳವೆಬಾವಿಯ ನೀರು ಕುಡಿದು ಬೆಳೆದಳು ಎಂದು ಬರೆಯಲು ಆ ರಿಜಿಸ್ಟರಿನಲ್ಲಿ ಜಾಗವಿಲ್ಲ.

ಈಗ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದು ರೂಢಿಯಾಗಿದೆ. ಇದರಿಂದ ಮಕ್ಕಳಿಗೆ ಪ್ರಯೋಜನವಾಗಿದೆಯೇ? ಉತ್ತರ ಅವರ ಹಲ್ಲಿನಲ್ಲೇ ಇದೆ. ಮುಂಭಾಗದ ಶಾಶ್ವತ ಹಲ್ಲುಗಳ ಹೊರಪದರ ರೂಪುಗೊಳ್ಳುವುದು ಮಗುವಿನ ಮೊದಲ ಕೆಲವು ವರ್ಷಗಳಲ್ಲಿ. ಅವು ಮೂಡುವುದು ಆರರಿಂದ ಎಂಟರ ಪ್ರಾಯದಲ್ಲಿ. ಹಾಗಾಗಿ ಮೂರನೇ ತರಗತಿಯ ಮಗುವಿನ ಹಲ್ಲಿನ ಮೇಲಿನ ಕಂದು ಗೆರೆಗಳು ಆ ಮಗು ಹಸುಗೂಸಾಗಿದ್ದಾಗ ಮನೆಯಲ್ಲಿ ಯಾವ ನೀರಿತ್ತು ಎಂಬುದನ್ನು ಹೇಳುತ್ತವೆ. ಘಟಕ ಬರುವ ಮುಂಚೆ ಹುಟ್ಟಿದವರನ್ನೂ ಆಮೇಲೆ ಹುಟ್ಟಿದವರನ್ನೂ ಹೋಲಿಸಿ ನೋಡಬಹುದು. ಅಡುಗೆಗೆ ಈಗಲೂ ಕೊಳವೆಬಾವಿ ನೀರನ್ನೇ ಬಳಸುವ ಮನೆಗಳೆಷ್ಟು ಎಂದು ಜೊತೆಗೇ ಕೇಳಬಹುದು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹೇಗೂ ಶಾಲೆಗಳಿಗೆ ಹೋಗುವ ವೈದ್ಯರು, ಒಂದು ಸರಿಯಾದ ನಮೂನೆ, ಐದಾರು ವರ್ಷ ಅಲ್ಲೇ ಇರುವ ಒಬ್ಬ ಸಂಶೋಧಕ, ಇಷ್ಟು ಸಾಕು. ಐದಾರು ವರ್ಷ ಎಂಬುದೇ ಮುಖ್ಯ. ಬೆಂಗಳೂರಿನಿಂದ ಬಂದು ಮೂರು ದಿನ ಸರ್ವೆ ಮಾಡಿ ಹೋಗುವವರಿಂದ ಈ ಕೆಲಸ ಆಗುವುದಿಲ್ಲ.

ಹಾವು ಕಡಿತದ ವಿಷಯವೂ ಹೀಗೆಯೇ. ಕಡಲೆಕಾಯಿ ಕೀಳುವ ಕಾಲದಲ್ಲಿ, ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋದಾಗ ಕಡಿಸಿಕೊಂಡು ಬರುವವರನ್ನು ಇಲ್ಲಿ ಪ್ರತಿ ವೈದ್ಯನೂ ನೋಡಿದ್ದಾನೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಕಡಿದ ಗಳಿಗೆಯಿಂದ ಪ್ರತಿವಿಷದ ಮೊದಲ ಬಾಟಲಿ ಏರಿಸುವವರೆಗಿನ ಹೊತ್ತು ಎಲ್ಲಿ ಕಳೆಯಿತು, ಮಂತ್ರ ಹಾಕುವವರ ಮನೆಯಲ್ಲೋ, ಆಟೋ ಹುಡುಕುವುದರಲ್ಲೋ, 'ನಮ್ಮಲ್ಲಿ ಆಗಲ್ಲ, ಮುಂದಕ್ಕೆ ಕರ್ಕೊಂಡು ಹೋಗಿ' ಎಂದ ಆಸ್ಪತ್ರೆಯಲ್ಲೋ, ಇದು ಬರೀ ಸಂಖ್ಯೆ ಕಳಿಸುವುದರಿಂದ ತಿಳಿಯದು.

ಶಿರಾ ಭಾಗದ ಕುರಿಗಾಹಿಗಳಲ್ಲಿ ವಾರಗಟ್ಟಲೆ ಬಿಡದ ಜ್ವರ ಕಂಡರೆ ಸಣ್ಣ ಲ್ಯಾಬಿನ ವಿಡಾಲ್ ಪರೀಕ್ಷೆ ನೋಡಿ ಟೈಫಾಯ್ಡ್ ಎಂದು ತೀರ್ಮಾನಿಸುವುದು ಸುಲಭ. ಅವರಲ್ಲಿ ಕುರಿಯಿಂದ ಬರುವ ಬ್ರುಸೆಲ್ಲೋಸಿಸ್ ಎಷ್ಟು ಜನರಿಗಿದೆ ಎಂದು ವ್ಯವಸ್ಥಿತವಾಗಿ ಹುಡುಕಬೇಕಿದೆ. ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿ ಮತ್ತು ಕೂಸನ್ನು ಹಟ್ಟಿಯಾಚೆಯ ಗುಡಿಸಿಲಿನಲ್ಲಿ ಇರಿಸುವ ಪದ್ಧತಿ ಕೆಲವೆಡೆ ಈಗಲೂ ಇದೆ. ಅಧಿಕಾರಿಗಳು ಹೋಗಿ ಗದರಿಸಿ ಬಂದರೆ ಅದು ನಿಲ್ಲುವುದಿಲ್ಲ. ಆ ಹಟ್ಟಿಯ ಅಜ್ಜಿಯರು ಮಾತು ಕೇಳುವುದು ವರ್ಷಗಳಿಂದ ತಮ್ಮ ನಾಡಿ ಹಿಡಿದು ನೋಡಿದ ಡಾಕ್ಟರದ್ದು, ಆಶಾ ಕಾರ್ಯಕರ್ತೆಯದ್ದು. ಆ ವಿಶ್ವಾಸ ಬೆಳೆಯುವುದು ಹೇಗೆ ಎಂಬುದೇ ಒಂದು ಪ್ರಬಂಧಕ್ಕಾಗುವಷ್ಟು ದೊಡ್ಡ ವಿಷಯ.

ಹಳ್ಳಿ ವೈದ್ಯರಿಂದ ಎಂಥ ಸಂಶೋಧನೆ ಆದೀತು ಎಂದು ಅನುಮಾನಿಸುವವರಿಗೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಡಾ. ವಿಲಿಯಂ ಪಿಕಲ್ಸ್ ಅವರನ್ನು ನೆನಪಿಸುತ್ತೇವೆ. ಅವರು ಐಸ್‌ಗಾರ್ತ್ ಎಂಬ ಹಳ್ಳಿಯ ಸಾಮಾನ್ಯ ವೈದ್ಯರು. 1929ರಲ್ಲಿ ಅಲ್ಲಿ ಕಾಮಾಲೆ ಹರಡಿದಾಗ ಯಾರು ಯಾರನ್ನು ಯಾವತ್ತು ಭೇಟಿಯಾದರು ಎಂದು ಮನೆಮನೆಯಲ್ಲಿ ಕೇಳಿ ಬರೆದಿಟ್ಟು, ಸೋಂಕು ತಗುಲಿದ ಎಷ್ಟು ದಿನಕ್ಕೆ ರೋಗ ಕಾಣಿಸುತ್ತದೆ ಎಂದು ಪತ್ತೆಹಚ್ಚಿದರು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವುದರಿಂದಲೇ ಅದು ಸಾಧ್ಯವಾಯಿತು. 1939ರಲ್ಲಿ ಅವರ ಪುಸ್ತಕ ಬಂತು. ಮುಂದೆ ಆ ದೇಶದ ಸಾಮಾನ್ಯ ವೈದ್ಯರ ಕಾಲೇಜಿಗೆ ಅವರೇ ಮೊದಲ ಅಧ್ಯಕ್ಷರಾದರು. ವೇಲ್ಸ್‌ನ ಗಣಿಕಾರ್ಮಿಕರ ಹಳ್ಳಿಯಲ್ಲಿದ್ದ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಮಾತು ನಮ್ಮ ತಾಲ್ಲೂಕುಗಳಿಗೂ ಒಪ್ಪುತ್ತದೆ: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಎಂಬುದು ಅದರ ಸಾರ.

ಆದಕಾರಣ ನಮ್ಮ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

ಮೊದಲನೆಯದಾಗಿ, ಪಿಎಚ್.ಡಿ. ಪ್ರವೇಶದ ಅಧಿಸೂಚನೆಯಲ್ಲಿ ಸಾಮಾನ್ಯ ವೈದ್ಯವೃತ್ತಿ ಮತ್ತು ಕುಟುಂಬ ವೈದ್ಯಕೀಯವನ್ನು, ಹಾಗೆಯೇ ವೈದ್ಯಕೀಯ ಶಿಕ್ಷಣವನ್ನು ಪ್ರತ್ಯೇಕ ವಿಷಯಗಳಾಗಿ ಹೆಸರಿಸಬೇಕು. ಅರೆಕಾಲಿಕ ಪಿಎಚ್.ಡಿ.ಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಲ್ಲಿ ಅವಕಾಶವಿದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರಿಗೂ ಅದು ಬಾಗಿಲು ತೆರೆದಿದೆ. ಹೀಗಿರುವಾಗ ಎಂ.ಬಿ.ಬಿ.ಎಸ್. ಮುಗಿಸಿ ಗ್ರಾಮೀಣ ಭಾಗದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಸೇವೆ ಮಾಡಿದ ವೈದ್ಯರಿಗೆ, ಪ್ರವೇಶ ಪರೀಕ್ಷೆಗೆ ಒಳಪಟ್ಟು, ಅರ್ಹತೆ ನೀಡುವ ಬಗ್ಗೆ ತಮ್ಮ ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ನಿರ್ಣಯವಾಗಬೇಕು. ಗುಣಮಟ್ಟದಲ್ಲಿ ರಿಯಾಯಿತಿಯನ್ನು ನಾವು ಕೇಳುತ್ತಿಲ್ಲ.

ಎರಡನೆಯದು ಕೋರ್ಸ್‌ವರ್ಕ್. ಪಿಎಚ್.ಡಿ.ಯನ್ನು ದೂರಶಿಕ್ಷಣದಲ್ಲಿ ಮಾಡುವಂತಿಲ್ಲವೆಂದು ನಮಗೆ ಗೊತ್ತು. ಕನಿಷ್ಠ 12 ಕ್ರೆಡಿಟ್‌ಗಳ ತರಗತಿಗಳನ್ನು ತುಮಕೂರಿನ ಸಂಯೋಜಿತ ಕಾಲೇಜೊಂದರಲ್ಲಿ ಭಾನುವಾರಗಳಂದು ನಡೆಸಿದರೆ ಪಾವಗಡದ ವೈದ್ಯರೂ ಬಂದು ಹೋಗಬಹುದು. ಏಕ ವೈದ್ಯರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆ ದಿನಗಳಲ್ಲಿ ಬದಲಿ ವೈದ್ಯರನ್ನು ಕೊಡಲು ಮತ್ತು ನಿರಾಕ್ಷೇಪಣಾ ಪತ್ರವನ್ನು ವಿಳಂಬವಿಲ್ಲದೆ ನೀಡಲು ಆರೋಗ್ಯ ಇಲಾಖೆಗೆ ತಾವು ಬರೆಯಬೇಕು. ಒಬ್ಬ ವೈದ್ಯನ ಓದಿಗಾಗಿ ಒಂದು ಹೋಬಳಿಯ ಜನ ವೈದ್ಯರಿಲ್ಲದೆ ಉಳಿಯಬಾರದು. ಇದನ್ನು ಸಹಿ ಹಾಕಿರುವ ನಾಗರಿಕರು ಒತ್ತಿ ಹೇಳಿದ್ದಾರೆ.

ಮೂರನೆಯದು ಮಾರ್ಗದರ್ಶನ. ಮಾರ್ಗದರ್ಶಕರು ಕಾಲೇಜಿನ ಪ್ರಾಧ್ಯಾಪಕರೇ ಆಗಿರಲಿ. ಆದರೆ ಸಹ ಮಾರ್ಗದರ್ಶಕರಾಗಿ ಈ ತಾಲ್ಲೂಕುಗಳ ಅನುಭವಿ ವೈದ್ಯರನ್ನು, ಕುಷ್ಠ, ಕ್ಷಯ ಮತ್ತು ಕಣ್ಣಿನ ಚಿಕಿತ್ಸೆಯಲ್ಲಿ ಬಹುಕಾಲದ ಅನುಭವವಿರುವ ಪಾವಗಡದ ಶ್ರೀ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರದಂಥ ಸಂಸ್ಥೆಗಳ ಅರ್ಹ ವೈದ್ಯರನ್ನು ಪರಿಗಣಿಸಬೇಕು. ಸಂಶೋಧನಾ ಸಲಹಾ ಸಮಿತಿಯ ಸಭೆ ವರ್ಷಕ್ಕೊಮ್ಮೆಯಾದರೂ ಮಧುಗಿರಿಯಲ್ಲಿ ಸೇರಲಿ.

ತಮ್ಮ ಹೆಲಿನೆಟ್ ಡಿಜಿಟಲ್ ಗ್ರಂಥಾಲಯದ ಪ್ರವೇಶವನ್ನು ನೋಂದಾಯಿತ ಸಂಶೋಧಕರಷ್ಟೇ ಅಲ್ಲದೆ ಈ ನಾಲ್ಕು ತಾಲ್ಲೂಕುಗಳ ಎಲ್ಲ ಸರ್ಕಾರಿ ವೈದ್ಯರಿಗೂ ಕೊಡಬೇಕು. ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ.

ನೈತಿಕ ಸಮಿತಿಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಕಾಲೇಜಿನ ಹೊರಗಿರುವ ವೈದ್ಯರು ಯಾವ ನೈತಿಕ ಸಮಿತಿಯ ಮುಂದೆ ಹೋಗಬೇಕೆಂದು ತಿಳಿಯದೆ ಒಳ್ಳೆಯ ಪ್ರಶ್ನೆಗಳನ್ನೇ ಕೈಬಿಡುತ್ತಾರೆ. ಈ ತಾಲ್ಲೂಕುಗಳ ಸಂಶೋಧನೆಗಾಗಿ ಒಂದು ನಿರ್ದಿಷ್ಟ ಸಮಿತಿಯನ್ನು ಗೊತ್ತುಮಾಡಿ, ಅದರಲ್ಲಿ ಸ್ಥಳೀಯ ಮಹಿಳಾ ಸದಸ್ಯರೊಬ್ಬರು ಇರುವಂತೆ ನೋಡಿಕೊಳ್ಳಬೇಕು. ರೋಗಿಯ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಪಾವಗಡದ ಗಡಿ ಹಳ್ಳಿಗಳಲ್ಲಿ ತೆಲುಗು ಮನೆಮಾತಿನವರು ಬಹಳ ಇರುವುದರಿಂದ ತೆಲುಗಿನಲ್ಲೂ ಇರಬೇಕು. ಡಾಕ್ಟರೇ ಸಂಶೋಧಕರಾದಾಗ 'ಆಗಲ್ಲ' ಎನ್ನಲು ರೋಗಿಗೆ ದಾಕ್ಷಿಣ್ಯ. ಆದ್ದರಿಂದ ಒಪ್ಪಿಗೆ ಪಡೆಯುವ ಕೆಲಸವನ್ನು ಚಿಕಿತ್ಸೆ ನೀಡುವ ವೈದ್ಯರಲ್ಲದ ಬೇರೊಬ್ಬರು ಮಾಡಬೇಕೆಂದು ನಿಯಮದಲ್ಲೇ ಸೇರಿಸಿ. ಪ್ರಬಂಧ ಅಂಗೀಕಾರವಾದ ಮೇಲೆ ಅದರ ಕನ್ನಡ ಸಾರಾಂಶವನ್ನು ಸಂಬಂಧಪಟ್ಟ ಗ್ರಾಮಸಭೆಯಲ್ಲಿ ಓದಿ ಹೇಳುವುದು ಕಡ್ಡಾಯವಾಗಲಿ. ಜನ ತಮ್ಮ ಮಕ್ಕಳ ಹಲ್ಲು ತೋರಿಸಿದ್ದಾರೆ, ತಮ್ಮ ಮನೆಯ ಸಾವಿನ ಕಥೆ ಹೇಳಿದ್ದಾರೆ. ಕಂಡುಕೊಂಡದ್ದೇನೆಂದು ತಿಳಿಯುವ ಹಕ್ಕು ಅವರಿಗೆ ಮೊದಲು ಸಲ್ಲುತ್ತದೆ.

ಇನ್ನು ವೈದ್ಯಕೀಯ ಶಿಕ್ಷಣ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮದಡಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ನೋಡಿಕೊಳ್ಳಬೇಕು. 2012ರ ಕಾಯ್ದೆಯ ಮೂಲಕ ರಾಜ್ಯವು ಕಡ್ಡಾಯ ಸೇವೆಯನ್ನು ತಂದಿತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಇದೆ. ಇವುಗಳಿಂದ ವಿದ್ಯಾರ್ಥಿ ಏನು ಕಲಿತ, ದತ್ತು ತೆಗೆದುಕೊಂಡ ಕುಟುಂಬಕ್ಕೆ ಏನು ದಕ್ಕಿತು ಎಂದು ಹಲವು ವರ್ಷ ಬೆನ್ನುಹತ್ತಿ ನೋಡುವ ಸಂಶೋಧನೆಯನ್ನು ತಾವು ಇಲ್ಲಿಂದ ಆರಂಭಿಸಬಹುದು. ಶಿರಾ ಮತ್ತು ಮಧುಗಿರಿಯ ಆಸ್ಪತ್ರೆಗಳಲ್ಲಿ ಕುಟುಂಬ ವೈದ್ಯಕೀಯದ ಎಂ.ಡಿ. ತರಬೇತಿಗೆ ಸೀಟುಗಳನ್ನು ತರಲು ವಿಶ್ವವಿದ್ಯಾಲಯ ಮುಂದಾಳತ್ವ ವಹಿಸಬೇಕು. ಈ ಕೋರ್ಸುಗಳನ್ನು ಉತ್ತೇಜಿಸಬೇಕೆಂದು 2019ರ ಆಯೋಗದ ಕಾಯ್ದೆಯೇ ಹೇಳಿದೆ. ಕೇರಳದ ಕೋಳಿಕ್ಕೋಡ್ ಸರ್ಕಾರಿ ವೈದ್ಯಕೀಯ ಕಾಲೇಜು ದಶಕದ ಹಿಂದೆಯೇ ಈ ಎಂ.ಡಿ. ಕೋರ್ಸ್ ಆರಂಭಿಸಿದೆ.

ಕೊನೆಯದಾಗಿ ಹಣದ ಮಾತು. ವಿಶ್ವವಿದ್ಯಾಲಯದ ಸಂಶೋಧನಾ ನಿಧಿಯಲ್ಲಿ ಒಂದು ಪಾಲನ್ನು ಕಾಲೇಜಿನ ಹೊರಗಿನ ಸಾಮಾನ್ಯ ವೈದ್ಯರಿಗೆಂದೇ ತೆಗೆದಿಡಬೇಕು. ಹಲ್ಲು ನೋಡಲು ಕನ್ನಡಿ, ನೀರು ಪರೀಕ್ಷೆಯ ಶುಲ್ಕ, ಮನೆಮನೆಗೆ ಹೋಗುವ ಕಾರ್ಯಕರ್ತೆಯ ಗೌರವಧನ, ಪೆಟ್ರೋಲು: ನಮಗೆ ಬೇಕಿರುವುದು ಇಂಥವು.

ಈ ಬೇಡಿಕೆಗಳನ್ನು ಮುಂದಿನ ಅಕಾಡೆಮಿಕ್ ಕೌನ್ಸಿಲ್ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದೂ, ಅದಕ್ಕೆ ಮುಂಚೆ ತಾವಾಗಲಿ ತಮ್ಮ ಪ್ರತಿನಿಧಿಗಳಾಗಲಿ ಮಧುಗಿರಿಗೆ ಬಂದು ನಾಲ್ಕೂ ತಾಲ್ಲೂಕುಗಳ ವೈದ್ಯರು ಮತ್ತು ಆಶಾ ಕಾರ್ಯಕರ್ತೆಯರೊಡನೆ ಒಂದು ದಿನ ಮಾತನಾಡಬೇಕೆಂದೂ, ಸಭೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವೈದ್ಯರು ಮತ್ತು ನಾಗರಿಕರು
(ಸಹಿಗಳನ್ನು ಲಗತ್ತಿಸಿದೆ)

ಸ್ಥಳ: ಮಧುಗಿರಿ

ಪ್ರತಿಗಳು:
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ತುಮಕೂರು