ಸೋರಿದ್ದು ಗ್ಯಾಸಲ್ಲ, ಕನ್ನಡಿಗನ ದುಡ್ಡು!

ಗೆಳೆಯರೇ, ಎ.ಸಿ. ಹಾಕಿಸಿಕೊಂಡವನಿಗೆ ಕನ್ನಡದ ಗೋಳು ಯಾಕೆ ಎಂದು ಮೂಗು ಮುರಿಯಬೇಡಿ. ಪೂರ್ತಿ ಓದಿ. ನಾಳೆ ಈ ಗೋಳು ನಿಮ್ಮ ಬಾಗಿಲಿಗೂ ಬರುತ್ತದೆ.

ಲಕ್ವ ಹೊಡೆದು ಮಲಗಿದ ನಮ್ಮ ಅಪ್ಪನಿಗೆ ಬೆನ್ನಲ್ಲಿ ಹುಣ್ಣಾಗಬಾರದು, ಕೋಣೆ ತಂಪಾಗಿಡಿ ಎಂದು ಡಾಕ್ಟರು ಹೇಳಿದರು. ಸಾಲ ಮಾಡಿ ಎ.ಸಿ. ತಂದೆ. 2024ರ ಏಪ್ರಿಲ್‌ನಲ್ಲಿ, ಬೆಂಗಳೂರು ಕಾದ ಕಾವಲಿಯಾಗಿದ್ದಾಗ, ಅದು ಬರೀ ಬಿಸಿಗಾಳಿ ಬೀಸತೊಡಗಿತು. ಕಂಪನಿಗೆ ಫೋನ್ ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂದಿತು ಯಂತ್ರ. ಕನ್ನಡಕ್ಕೆ ಏನನ್ನು ಒತ್ತಬೇಕು? ನಮ್ಮ ಕುತ್ತಿಗೆಯನ್ನೇ?

ಬಂದ ಹುಡುಗನಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು. ಹೊರಗಿನ ಪೆಟ್ಟಿಗೆಗೆ ಮೀಟರ್ ಹಚ್ಚಿ 'ಗ್ಯಾಸ್ ಖತಮ್' ಎಂದ. ಗ್ಯಾಸ್ ತುಂಬಿಸಿ 3,200 ರೂಪಾಯಿ ಎಣಿಸಿಕೊಂಡು ಹೋದ. ಇಪ್ಪತ್ತು ದಿನಕ್ಕೆ ಮತ್ತೆ ಅದೇ ಬಿಸಿಗಾಳಿ, ಮತ್ತೆ 'ಗ್ಯಾಸ್ ಖತಮ್', ಮತ್ತೆ 3,200. ಇಷ್ಟು ಬೇಗ ಗ್ಯಾಸ್ ಎಲ್ಲಿಗೆ ಹೋಯಿತಪ್ಪಾ ಎಂಬ ಪ್ರಶ್ನೆ ನನ್ನ ಬಾಯಲ್ಲೇ ಉಳಿಯಿತು. ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಬಿಚ್ಚಿದೆ. ಇಂಗ್ಲಿಷು, ಹಿಂದಿ, ಅಷ್ಟೇ. ಪಿ.ಯು.ಸಿ. ಓದಿದ ನನಗೇ ಅರ್ಧ ತಿಳಿಯಲಿಲ್ಲ. ಕುರಿಯಂತೆ ತಲೆಯಾಡಿಸಿ ದುಡ್ಡು ಕೊಟ್ಟೆ.

ಮೂರನೇ ಸಲ ಕಂಪನಿಯ ಸಹವಾಸ ಬಿಟ್ಟು ಪ್ರೆಸ್ಸಿನ ಹಿಂದಿನ ಬೀದಿಯ ಹುಡುಗನನ್ನು ಕರೆದೆ. ತುಮಕೂರು ಕಡೆಯವನು, ಐ.ಟಿ.ಐ. ಮಾಡಿದವನು. ಬಂದವನೇ, 'ಅಣ್ಣಾ, ಗ್ಯಾಸು ಪೆಟ್ರೋಲ್ ಥರ ಉರಿದು ಖಾಲಿ ಆಗಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಾನೇ ಇರುತ್ತೆ. ಕಮ್ಮಿ ಆಯ್ತು ಅಂದ್ರೆ ಎಲ್ಲೋ ಸೋರ್ತಾ ಇದೆ ಅಂತ' ಎಂದ. ಸೋಪಿನ ನೊರೆ ಮಾಡಿ ವಾಲ್ವಿನ ಬಾಯಿಗೆ ಹಚ್ಚಿದ. ಬುಳುಬುಳು ಗುಳ್ಳೆ ಎದ್ದಿತು! ಸ್ಕೂಟರ್ ಟಯರಿನ ವಾಲ್ವಿನಲ್ಲಿ ಇರುತ್ತದಲ್ಲ, ಅಂಥದೇ ಒಂದು ಪುಟ್ಟ ಪಿನ್ನು ಸವೆದು ಸೋರುತ್ತಿತ್ತು. ಅದರ ಮೇಲಿನ ಹಿತ್ತಾಳೆ ಮುಚ್ಚಳವನ್ನು ಗ್ಯಾಸ್ ತುಂಬಿಸಿದವನು ತಿರುಗಿ ಹಾಕಿಯೇ ಇರಲಿಲ್ಲ. ಪಿನ್ನಿನ ಬೆಲೆ ನೂರು ರೂಪಾಯಿಯೂ ಇಲ್ಲ. ಪಿನ್ನು ಬದಲಿಸಿ, ಪೈಪಿನ ಗಾಳಿ ಎಳೆದು, ಗ್ಯಾಸ್ ತೂಗಿ ತುಂಬಿದ. ಅಂದಿನಿಂದ ಇಂದಿನವರೆಗೆ ಮತ್ತೆ ಗ್ಯಾಸ್ ಹಾಕಿಸಿಲ್ಲ. ಮೊದಲು ಕೊಟ್ಟ 6,400 ರೂಪಾಯಿ ಮಾತ್ರ ಗಾಳಿಯಲ್ಲಿ ಹೋಯಿತು.

ಕಂಪನಿ ಕಳಿಸಿದ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನು. ಕನ್ನಡ ನೆಲದಲ್ಲಿ ವ್ಯಾಪಾರ ಮಾಡಿ, ಗಿರಾಕಿಗೆ ಒಂದು ಪ್ರಶ್ನೆ ಕೇಳುವ ಅವಕಾಶವನ್ನೂ ಕೊಡದ ಕಂಪನಿಯ ಮೇಲೆ ನನ್ನ ಸಿಟ್ಟು!

ಕತ್ತರಿಸಿ ಇಟ್ಟುಕೊಳ್ಳಿ

ಕಂಪನಿ ಕನ್ನಡದಲ್ಲಿ ಹೇಳದ್ದನ್ನು ನಾವೇ ಹೇಳುತ್ತೇವೆ.

1. ಮೊದಲು ಒಳಗಿನ ಫಿಲ್ಟರ್ ತೊಳೆಯಿರಿ. ಧೂಳು ಕಟ್ಟಿದರೂ ತಂಪು ಬರುವುದಿಲ್ಲ. ಆ ಮೇಲೆ ಇಪ್ಪತ್ತು ನಿಮಿಷ ಓಡಿಸಿ ಹೊರಗಿನ ಪೆಟ್ಟಿಗೆಯ ಪಕ್ಕದ ಎರಡು ವಾಲ್ವು ನೋಡಿ. ದಪ್ಪ ಪೈಪಿನ ವಾಲ್ವು ತಣ್ಣಗಿದ್ದು ಬೆವರಬೇಕು. ಅದು ಬೆಚ್ಚಗಿದ್ದು, ಸಣ್ಣ ಪೈಪಿನ ವಾಲ್ವಿನ ಮೇಲೆ ಹಿಮ ಕಟ್ಟಿದ್ದರೆ ಗ್ಯಾಸ್ ಕಮ್ಮಿಯಾಗಿದೆ, ಇಲ್ಲವೇ ದಾರಿ ಕಟ್ಟಿದೆ.

2. ಹೊಸದಾಗಿ ಕೂರಿಸಿದ ಎ.ಸಿ. ಮೊದಲ ದಿನದಿಂದಲೇ ತಂಪು ಕೊಡದಿದ್ದರೆ ವಾಲ್ವು ಪೂರ್ತಿ ತೆರೆದಿದ್ದಾರೆಯೇ ಎಂದು ಕೇಳಿ. ಮುಚ್ಚಳದೊಳಗೆ ಅಲೆನ್ ಕೀ ಹಾಕಿ ತಿರುಗಿಸುವ ಕೆಲಸ ಅದು. ಅವಸರದಲ್ಲಿ ಅರ್ಧಕ್ಕೇ ಬಿಟ್ಟುಹೋಗುವುದುಂಟು.

3. ವಾಲ್ವಿನ ಸುತ್ತ ಎಣ್ಣೆ ಜಿಡ್ಡು ಕಂಡರೆ ಅಲ್ಲಿ ಸೋರುವ ಸಾಧ್ಯತೆ ಹೆಚ್ಚು. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆ ಹೊರಬರುತ್ತದೆ. ನಟ್ಟು, ಪಿನ್ನು, ಮುಚ್ಚಳಕ್ಕೆ ಸೋಪಿನ ನೊರೆ ಹಚ್ಚಿ ತೋರಿಸು ಎನ್ನಿ. ಸೋರುವ ಜಾಗ ತೋರಿಸದೆ ಗ್ಯಾಸ್ ತುಂಬುತ್ತೇನೆ ಎಂದವನಿಗೆ ಒಂದು ಪೈಸೆ ಕೊಡಬೇಡಿ.

4. ಗ್ಯಾಸ್ ಪೂರ್ತಿ ಹೋಗಿದ್ದರೆ ಮೊದಲು ವ್ಯಾಕ್ಯೂಮ್ ಪಂಪಿನಿಂದ ಪೈಪಿನ ಗಾಳಿ, ತೇವ ತೆಗೆಯಬೇಕು. ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ಎಷ್ಟು ಹಾಕಬೇಕೆಂಬುದು ಹೊರಗಿನ ಪೆಟ್ಟಿಗೆಯ ಫಲಕದಲ್ಲೇ ಇರುತ್ತದೆ.

5. ವಾಲ್ವನ್ನು ನೀವೇ ತಿರುಗಿಸಬೇಡಿ. ಈಗಿನ ಎ.ಸಿ.ಗಳಲ್ಲಿ ಹೆಚ್ಚಾಗಿ ತುಂಬುವ ಆರ್-32 ಬೆಂಕಿ ಹತ್ತುವ ಗ್ಯಾಸು.

ಕೊನೆಯದು ಜೀವದ ಪ್ರಶ್ನೆ. ಬಾಡಿಗೆ ಮನೆ ಬದಲಿಸುವಾಗ ಗ್ಯಾಸನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಎಳೆದು ವಾಲ್ವು ಮುಚ್ಚಿ ಎ.ಸಿ. ಬಿಚ್ಚುತ್ತಾರೆ. ಎರಡೂ ವಾಲ್ವು ಮುಚ್ಚಿ, ಕಂಪ್ರೆಸರ್ ನಿಲ್ಲಿಸಿದ ಮೇಲೆಯೇ ಪೈಪು ಬಿಚ್ಚಬೇಕು. ಓಡುತ್ತಿರುವಾಗ ಬಿಚ್ಚಿದರೆ ಗಾಳಿ ಒಳಹೋಗಿ, ಎಣ್ಣೆಯ ಜೊತೆ ಒತ್ತಡಕ್ಕೆ ಕಾದು ಕಂಪ್ರೆಸರ್ ಸಿಡಿಯಬಹುದು. ಈ ಎಚ್ಚರಿಕೆ ಇಂಗ್ಲಿಷಿನಲ್ಲಿದ್ದರೆ, ಎದುರಿಗೆ ಕೂತು ಬಿಚ್ಚುವ ಕನ್ನಡದ ಹುಡುಗನಿಗೆ ತಿಳಿಸುವವರು ಯಾರು?

ಕಾನೂನು ಯಾರ ಪರ?

ಕೇಂದ್ರ ಸರ್ಕಾರದ 2011ರ ಪೊಟ್ಟಣ ಸರಕುಗಳ ನಿಯಮ ಏನು ಹೇಳುತ್ತದೆ ಗೊತ್ತೇ? ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ದೇವನಾಗರಿಯ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕಂತೆ. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದಂತೆ! ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಹಿಂದಿಗೆ ಹಕ್ಕು, ಕನ್ನಡಕ್ಕೆ ಭಿಕ್ಷೆಯೇ? ಸರಕಿನ ಬಗ್ಗೆ ತಿಳಿಯುವ ಹಕ್ಕು ಗ್ರಾಹಕನಿಗಿದೆ ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆಯೇ ಹೇಳುತ್ತದೆ. ಅರ್ಥವಾಗದ ಭಾಷೆಯಲ್ಲಿ ತಿಳಿಸಿದರೆ ಅದು ತಿಳಿಸಿದಂತೆಯೇ?

ನಮ್ಮ ವಿಧಾನಸೌಧದವರೇನು ಕಡಿಮೆಯಿಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ತಂದರು. ಸರಕಿನ ಹೆಸರು, ಬಳಸುವ ಕ್ರಮ ಕನ್ನಡದಲ್ಲೂ ಇರಬೇಕೆಂದರು. ಆದರೆ ಕರ್ನಾಟಕದಲ್ಲಿ ತಯಾರಾಗುವ ಸರಕಿಗೆ ಮಾತ್ರ! ಆಂಧ್ರದ ಶ್ರೀಸಿಟಿಯಲ್ಲೋ ರಾಜಸ್ಥಾನದ ನೀಮ್ರಾಣದಲ್ಲೋ ತಯಾರಾಗಿ ಲಾರಿ ಏರಿ ಬರುವ ಎ.ಸಿ.ಯನ್ನು ಕೇಳುವವರಿಲ್ಲ. ಫ್ರಾನ್ಸ್ ದೇಶ 1994ರಲ್ಲೇ ಕಾನೂನು ಮಾಡಿ, ಅಲ್ಲಿ ಮಾರುವ ಸರಕಿನ ಬಳಕೆಯ ಸೂಚನೆ, ಗ್ಯಾರಂಟಿ ಎಲ್ಲ ಫ್ರೆಂಚಿನಲ್ಲಿರಲೇಬೇಕು ಎಂದಿತು. ಎಲ್ಲಿ ತಯಾರಾಯಿತು ಎಂದು ಅವರು ಕೇಳಲಿಲ್ಲ, ಎಲ್ಲಿ ಮಾರುತ್ತೀರಿ ಎಂದು ಕೇಳಿದರು. ನಮಗೂ ಅದೇ ಬೇಕು.

ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಖರ್ಚು ಎಂದು ಕಂಪನಿಯವರು ರಾಗ ಎಳೆಯುತ್ತಾರೆ. ಈ ಬುರುಡೆ ಮುದ್ರಣದವನ ಹತ್ತಿರ ಬೇಡ. ಲಕ್ಷ ಪ್ರತಿ ಹೊಡೆದರೆ ಎರಡೂ ಮಗ್ಗುಲಿನ ಒಂದು ಎ4 ಹಾಳೆಗೆ, ಕಾಗದ ಸೇರಿ, ಒಂದು ರೂಪಾಯಿಯೂ ಬೀಳುವುದಿಲ್ಲ. ಮೂವತ್ತು ನಲವತ್ತು ಸಾವಿರದ ಸರಕಿಗೆ ಒಂದು ರೂಪಾಯಿಯ ಕನ್ನಡ ಭಾರವಾಯಿತೇ?

ಯುವಕರೇ, ನಿಮ್ಮ ಕೆಲಸ ಏನು?

ಘೋಷಣೆ ಕೂಗಿ ಮನೆಗೆ ಹೋದರೆ ಸಾಲದು. ಎ.ಸಿ., ಫ್ರಿಜ್, ಗೀಸರ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಕೇಳಿ: ಕನ್ನಡದ ಪುಸ್ತಕ ಎಲ್ಲಿ? ಫೋನಿನಲ್ಲಿ ಕನ್ನಡ ಸಿಗುವವರೆಗೆ ಕನ್ನಡದಲ್ಲೇ ಮಾತಾಡಿ. ಗ್ಯಾಸ್ ತುಂಬಿದ ರಸೀದಿಯಲ್ಲಿ ಸೋರಿದ ಜಾಗ, ತುಂಬಿದ ಗ್ರಾಂ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಿ.

ಇನ್ನೊಂದು ಮಾತು. ಐ.ಟಿ.ಐ.ಯಲ್ಲಿ ಫ್ರಿಜ್, ಎ.ಸಿ. ರಿಪೇರಿಯ ಎರಡು ವರ್ಷದ ತರಬೇತಿ ಇದೆ. ಎಸ್.ಎಸ್.ಎಲ್.ಸಿ. ಪಾಸಾದರೆ ಸಾಕು. ಬೆಂಗಳೂರಿನ ಬೀದಿ ಬೀದಿಯಲ್ಲಿ ಎ.ಸಿ. ನೇತಾಡುತ್ತಿವೆ. ಕೈ ಕೊಳೆಯಾಗುತ್ತದೆ ಎಂದು ನಾವು ಬಿಟ್ಟ ಕೆಲಸವನ್ನು ಬೇರೆಯವರು ಮಾಡುತ್ತಿದ್ದಾರೆ. ಅವರನ್ನು ಬೈದು ಫಲವಿಲ್ಲ. ಅಪ್ಪನ ಕೋಣೆ ತಂಪು ಮಾಡಿದ್ದು ನನ್ನ ಭಾಷಣವಲ್ಲ, ಕಸುಬು ಕಲಿತ ಕನ್ನಡದ ಹುಡುಗ. ಅಂಥವರು ಸಾವಿರ ಮಂದಿ ಬೇಕು.

ಕಂಪನಿಗಳೇ, ಕೇಳಿಸಿಕೊಳ್ಳಿ. ನಮ್ಮ ದುಡ್ಡು ಬೇಕಾದರೆ ನಮ್ಮ ಭಾಷೆಯೂ ಬೇಕು. ಕನ್ನಡದ ಹಾಳೆ ಇಲ್ಲದ ಪೆಟ್ಟಿಗೆಯನ್ನು ಬಂದ ಲಾರಿಯಲ್ಲೇ ವಾಪಸು ಒಯ್ಯಿರಿ!