ಹಳೇ ಟಿಲ್ಲರಿಗೆ ಎಷ್ಟು ಆಯಸ್ಸು?

ಕಾಮಾಕ್ಷಿಪಾಳ್ಯದಿಂದ ಸುಂಕದಕಟ್ಟೆಯವರೆಗೆ ಮಾಗಡಿ ರಸ್ತೆಯ ಅಡ್ಡರಸ್ತೆಗಳಲ್ಲಿ ಲೇತ್ ಅಂಗಡಿ, ವೆಲ್ಡಿಂಗ್ ಶೆಡ್ಡು, ಮೋಟರ್ ರಿವೈಂಡಿಂಗ್ ಮಳಿಗೆಗಳು ಒತ್ತೊತ್ತಾಗಿವೆ. ಕಾರ್ಖಾನೆಗಳ ಜಾಬ್ ವರ್ಕ್ ನಂಬಿ ನಡೆಯುವ ಈ ಅಂಗಡಿಗಳಿಗೆ ಇನ್ನೊಂದು ಬಗೆಯ ಗಿರಾಕಿಗಳೂ ಬರುತ್ತಾರೆ. ಮನೆ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಇರುತ್ತದೆ. ಎರಡು ಮೂರು ಎಕರೆ ಹೊಲ ಮಾಗಡಿ, ಕುಣಿಗಲ್, ಕನಕಪುರದ ಕಡೆ. ಕೈಚೀಲದಲ್ಲಿ ಹೊಲ ಉಳುವ ಪವರ್ ಟಿಲ್ಲರಿನ ಸವೆದ ಶಾಫ್ಟು. "ಇಷ್ಟು ಹಳೇದಕ್ಕೆ ದುಡ್ಡು ಸುರಿಯೋ ಬದಲು ಸಬ್ಸಿಡಿಯಲ್ಲಿ ಹೊಸದು ತರಬಾರದೇ?" ಎಂದು ಮನೆಯವರು ಕೇಳುವ ಮಾತಿಗೆ ಅವರ ಬಳಿ ಉತ್ತರವಿದೆ, ಹೇಳುವ ಪುರುಸೊತ್ತು ಇರುವುದಿಲ್ಲ, ಅಷ್ಟೆ.

ಉತ್ತರದ ಮೊದಲ ಭಾಗ ಮಣ್ಣಿನ ಹದ. ಬೆಂಗಳೂರು ಸುತ್ತಿನ ಮಳೆಯಾಶ್ರಿತ ರಾಗಿ ಬಿತ್ತನೆ ಜುಲೈ–ಆಗಸ್ಟ್‌ನ ಮಳೆಯನ್ನು ನೆಚ್ಚಿಕೊಂಡಿದೆ. ಮಳೆ ಬಂದು ಬಿಟ್ಟ ಮೇಲೆ ಕೆಂಪು ಮಣ್ಣು ಉಳುಮೆಗೆ ಹದವಾಗಿ ಇರುವುದು ಕೆಲವೇ ದಿನ. ಆ ದಿನಗಳಲ್ಲಿ ಊರಿನ ಎಲ್ಲರಿಗೂ ಒಟ್ಟಿಗೇ ಯಂತ್ರ ಬೇಕು. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಯಂತ್ರ ಕೊಡುವುದು ಒಳ್ಳೆಯದೇ. ಆದರೆ ಸರದಿ ಬರುವಷ್ಟರಲ್ಲಿ ಹದ ಆರಿದರೆ ಬಾಡಿಗೆ ಎಷ್ಟು ಅಗ್ಗವಾಗಿದ್ದೂ ಏನು ಫಲ? ಇಪ್ಪತ್ತು ವರ್ಷದ್ದಾದರೂ ಸರಿ, ಹೊಲದ ಬದಿಯಲ್ಲೇ ಇದ್ದು ಒಂದು ಹ್ಯಾಂಡಲ್ ಏಟಿಗೆ ಸ್ಟಾರ್ಟ್ ಆಗುವ ಟಿಲ್ಲರ್, ಸಣ್ಣ ಹಿಡುವಳಿಗೆ ಸರದಿಯಲ್ಲಿ ನಿಂತ ಹೊಸ ಟ್ರ್ಯಾಕ್ಟರಿಗಿಂತ ಹೆಚ್ಚಿನದು.

ಎರಡನೆಯ ಭಾಗ ಯಂತ್ರದ ಒಡಲಲ್ಲಿದೆ. ವಿಎಸ್‌ಟಿ ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಅದರ ಟಿಲ್ಲರಿನಲ್ಲಿ ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್, ಅಲ್ಲಿಂದ ಕ್ಲಚ್ಚಿಗೆ ವಿ-ಬೆಲ್ಟು, ಕೆಳಗೆ ಗೇರು, ಹಿಂದೆ ಮಣ್ಣು ಕೆದಕುವ ರೋಟರಿ. ಹಳೆಯ ಮಾದರಿಗಳಲ್ಲಿ ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು ಕಡಿಮೆ. ಅನೇಕ ತೊಂದರೆಗಳು ಶುರುವಾಗುವುದು ರೋಟರಿಯ ಆಯಿಲ್ ಸೀಲಿನಿಂದ. ಬ್ಲೇಡಿನ ಬುಡಕ್ಕೆ ಸುತ್ತಿಕೊಂಡ ಹುಲ್ಲು, ದಾರ, ಪ್ಲಾಸ್ಟಿಕ್ ಸೀಲನ್ನು ಕೊಯ್ಯುತ್ತವೆ. ಎಣ್ಣೆ ಹೊರಗೆ ಸೋರಿ ಕೆಸರು ಒಳಗೆ ಹೋಗುತ್ತದೆ. ಬೇರಿಂಗ್ ಕಿರುಗುಟ್ಟಿ, ಕೊನೆಗೆ ಬೇರಿಂಗ್ ಕೂರುವ ಜಾಗದಲ್ಲಿ ಶಾಫ್ಟೇ ಸವೆಯುತ್ತದೆ. ಅದನ್ನು ಲೇತಿನವನು ವೆಲ್ಡಿಂಗ್‌ನಿಂದ ತುಂಬಿಸಿ, ಚಕ್ಕಿಗೆ ಕಟ್ಟಿ, ಹೊಸ ಬೇರಿಂಗ್ ಬಿಗಿಯಾಗಿ ಕೂರುವ ಅಳತೆಗೆ ಇಳಿಸಿಕೊಡುತ್ತಾನೆ. ಉಳುಮೆ ಮುಗಿದ ಸಂಜೆ ಆ ಹುಲ್ಲು, ದಾರ ಬಿಡಿಸಿ, ಎಣ್ಣೆ ಮಟ್ಟ ನೋಡಿ, ಬೆಲ್ಟಿನ ಬಿಗಿ ಸರಿಮಾಡುವವನಿಗೆ ಈ ಖರ್ಚು ಬರುವುದೇ ಅಪರೂಪ.

ಮನೆಯಲ್ಲೇ ಆಗುವ ಕೆಲಸಗಳಲ್ಲಿ ಈಗ ತೀರಾ ಮುಖ್ಯವಾದದ್ದು ಪೆಟ್ರೋಲಿನದು. ಬ್ರಷ್ ಕಟರ್, ಸ್ಪ್ರೇಯರ್, ಸಣ್ಣ ಕಳೆ ಯಂತ್ರಗಳು ವರ್ಷದಲ್ಲಿ ಎಷ್ಟೋ ತಿಂಗಳು ಮೂಲೆಯಲ್ಲಿರುತ್ತವೆ. ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದಾಗ ಅದು ಎಥನಾಲಿನ ಸಮೇತ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಕಾರ್ಬುರೇಟರಿನ ಜೆಟ್ಟು ಕಟ್ಟಿಕೊಳ್ಳುತ್ತದೆ, ಡಯಾಫ್ರಮ್ ಗಡಸಾಗುತ್ತದೆ. ಸೀಸನ್ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟರೆ ಈ ರಗಳೆ ತಪ್ಪುತ್ತದೆ. ಕಟ್ಟಿದ ಜೆಟ್ಟಿಗೆ ತಂತಿ ತೂರಿಸಬಾರದು. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಇಂಜಿನ್ ಹೊಗೆ ಕಾರುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿದರೆ ಸಾಕು. ಕೆಟ್ಟಿತೆಂದು ಗುಜರಿಗೆ ಹೋಗುವ ಬ್ರಷ್ ಕಟರ್‌ಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ, ಬರೀ ಕಟ್ಟಿಕೊಂಡಿರುತ್ತವೆ.

ಬಿಚ್ಚಿ ನೋಡಬಹುದಾದ ಯಂತ್ರ ತನ್ನನ್ನು ತಯಾರಿಸಿದ ಕಂಪನಿಗಿಂತಲೂ ಹೆಚ್ಚು ಕಾಲ ಬಾಳುತ್ತದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, 1971ರಿಂದ ಹರಿಯಾಣದ ಪಿಂಜೋರ್‌ನಲ್ಲಿ ಜೆಕೊಸ್ಲೊವಾಕಿಯಾದ ನೆರವಿನಿಂದ ಜೆಟರ್ ಮಾದರಿಯ ಟ್ರ್ಯಾಕ್ಟರ್ ಮಾಡಿತು. 2016ರಲ್ಲಿ ಆ ವಿಭಾಗ ಮುಚ್ಚಿಹೋಯಿತು. ಆದರೂ ಆ ಟ್ರ್ಯಾಕ್ಟರುಗಳು ಹೊಲದಲ್ಲಿ ಇನ್ನೂ ಓಡುತ್ತಿವೆ. ಅವುಗಳ ಬಿಡಿಭಾಗಗಳನ್ನು ಸಣ್ಣಪುಟ್ಟ ತಯಾರಕರು ಇಂದಿಗೂ ಮಾಡಿ ಮಾರುತ್ತಾರೆ. ಅಮೆರಿಕದ ಜಾನ್ ಡಿಯರ್ ಟ್ರ್ಯಾಕ್ಟರುಗಳ ಕಥೆ ಇದಕ್ಕೆ ಎದುರಾದದ್ದು. ಅಲ್ಲಿ ದೋಷ ಪತ್ತೆಗೂ ಕಂಪನಿಯ ಸಾಫ್ಟ್‌ವೇರ್ ಬೇಕಿತ್ತು, ಅದರ ಪೂರ್ಣ ಆವೃತ್ತಿ ಡೀಲರನ ಕೈಯಲ್ಲಿತ್ತು. ರೈತರ ಹೋರಾಟದ ಫಲವಾಗಿ ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೆ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ದಾವೆಯನ್ನೂ ಹೂಡಿತು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಸಮಿತಿ ರಚಿಸಿದಾಗ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರೋಪಕರಣವೂ ಒಂದು. ಆ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಬಂತು. ಇಷ್ಟು ಸಾಲದು. ಮಾದರಿ ನಿಂತ ಮೇಲೂ ಇಂತಿಷ್ಟು ವರ್ಷ ಬಿಡಿಭಾಗ ಕೊಡಬೇಕೆಂಬ ಕಟ್ಟುಪಾಡು, ಕನ್ನಡದಲ್ಲಿ ರಿಪೇರಿ ಕೈಪಿಡಿ ಇವೆರಡು ಬಂದರೆ ಮಾತ್ರ ಆ ಹಕ್ಕು ಹೊಲ ಮುಟ್ಟಿದಂತೆ.

ಹಳೆಯದನ್ನೆಲ್ಲ ಉಳಿಸಬೇಕು ಎಂಬ ಹಟವೂ ಬೇಡ. ರೋಟರಿಯ ಮೇಲಿನ ತಗಡಿನ ಕವಚ ಕಳಚಿಹೋದ ಟಿಲ್ಲರನ್ನು ಹಾಗೇ ಓಡಿಸುವುದು ಅಪಾಯ. ರೋಟರಿ ತಿರುಗುತ್ತಿರುವಾಗ ಹಿಮ್ಮುಖ ಗೇರು ಹಾಕಿದರೆ ನಡೆಸುವವನ ಕಾಲೇ ಅದಕ್ಕೆ ಸಿಕ್ಕಬಹುದು. ಎಷ್ಟೇ ಜಾಣ ಮೆಕ್ಯಾನಿಕ್ ಇದ್ದರೂ ಗೇರ್‌ಬಾಕ್ಸಿನ ಎರಕದ ಮೈ ಸೀಳಿದರೆ, ವೆಲ್ಡಿಂಗ್ ಮಾಡಿದ್ದು ಭಾರಕ್ಕೆ ಮತ್ತೆ ಬಿಟ್ಟುಕೊಳ್ಳುವ ಭಯ ಇದ್ದೇ ಇರುತ್ತದೆ. ಅಂಥದ್ದರಲ್ಲಿ ಒಳ್ಳೆಯ ಭಾಗಗಳನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡುವುದೇ ಸರಿ.

ಸರ್ಕಾರದ ಹಣ ಮಾತ್ರ ಹೆಚ್ಚಾಗಿ ಹೊಸದರ ಕಡೆಗೇ ಹರಿಯುತ್ತದೆ. ಕರ್ನಾಟಕದಲ್ಲಿ ಪವರ್ ಟಿಲ್ಲರ್ ಕೊಳ್ಳಲು ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟರಿಗೆ ಶೇ. 90ರವರೆಗೆ ಸಹಾಯಧನ ಸಿಕ್ಕಿದೆ. ಬಡ ರೈತನ ಕೈಗೆ ಯಂತ್ರ ಬಂದದ್ದೇ ಇದರಿಂದ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೀಗೆ ಬಂದ ಟಿಲ್ಲರ್ ಐದಾರು ವರ್ಷದಲ್ಲಿ ಒಂದು ಬೇರಿಂಗಿಗೆ, ಒಂದು ಕ್ಲಚ್ ಪ್ಲೇಟಿಗೆ ಗತಿಯಿಲ್ಲದೆ ದನದ ಕೊಟ್ಟಿಗೆ ಸೇರಿದರೆ ಸರ್ಕಾರದ ಹಣವೂ ಅಲ್ಲೇ ತುಕ್ಕು ಹಿಡಿಯುತ್ತದೆ. ಆ ಸಹಾಯಧನದ ಸಣ್ಣ ಪಾಲನ್ನು ಓವರ್‌ಹಾಲ್‌ಗೆ ಮೀಸಲಿಟ್ಟರೆ ಯಂತ್ರವೂ ಉಳಿಯುತ್ತದೆ, ಊರ ಮೆಕ್ಯಾನಿಕ್ಕಿಗೂ ಕೆಲಸ ಸಿಗುತ್ತದೆ.

ಈ ಮೆಕ್ಯಾನಿಕ್ಕುಗಳ ನೆಲೆಯೇ ಕುಗ್ಗುತ್ತಿರುವುದು ಚಿಂತೆಯ ಮಾತು. 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಮೋಟರ್ ತಯಾರಿಸುತ್ತಿದ್ದ ರಾಜಾಜಿನಗರದ ಅಂಚಿನ ಜಾಗದಲ್ಲಿ ಈಗ ಒರಾಯನ್ ಮಾಲ್ ಇದೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿ ತಲುಪಿದ ಮೇಲೆ ಮೈಸೂರು ರಸ್ತೆಯ ಶೆಡ್ಡುಗಳ ಜಾಗಕ್ಕೂ ಅಪಾರ್ಟ್‌ಮೆಂಟಿನ ಬೆಲೆ. ನಗರ ಯೋಜನೆಯ ಕಣ್ಣಿಗೆ ಲೇತ್ ಅಂಗಡಿ ಎಂದರೆ ಗದ್ದಲ, ಗಲೀಜು. ಮಾಗಡಿಯ ರಾಗಿ ಹೊಲಕ್ಕೆ ಅದೇ ಅಂಗಡಿ ಆಸರೆ ಎಂಬುದು ಯಾವ ನಕ್ಷೆಯಲ್ಲೂ ಬರುವುದಿಲ್ಲ. ಇಂಥ ಸಣ್ಣ ರಿಪೇರಿ ಅಂಗಡಿಗಳಿಗೆ ಕೈಗೆಟುಕುವ ಬಾಡಿಗೆಯ ಜಾಗವನ್ನು ಬಡಾವಣೆಯ ಒಳಗೇ ಕಾಯ್ದಿಡಬೇಕು. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ಕೋರ್ಸುಗಳಿವೆ. ಅಲ್ಲಿನ ಹುಡುಗರನ್ನು ಈ ಅಂಗಡಿಗಳಿಗೆ ಕೆಲಸ ಕಲಿಯಲು ಕಳಿಸಬಹುದು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದಲ್ಲಿ ಹೊಸ ಯಂತ್ರಗಳ ಮಳಿಗೆಗಳ ಸಾಲಿನಲ್ಲೇ ಒಂದು ಬೆಂಚು ಹಾಕಿ, ರೈತರು ತಂದ ಹಳೆಯ ಸ್ಪ್ರೇಯರು, ಬ್ರಷ್ ಕಟರುಗಳನ್ನು ಅವರ ಕೈಯಿಂದಲೇ ಬಿಚ್ಚಿಸಿ ಸರಿಮಾಡಿಸಬಹುದು. ಇದಕ್ಕೆ ಬೇಕಾಗುವುದು ಒಬ್ಬ ಅನುಭವಿ ಮೆಕ್ಯಾನಿಕ್, ಒಂದು ಸೆಟ್ ಸ್ಪ್ಯಾನರ್, ಸಾಮಾನ್ಯವಾಗಿ ಹೋಗುವ ಸೀಲು, ಗ್ಯಾಸ್ಕೆಟ್, ಡಯಾಫ್ರಮ್‌ಗಳ ಒಂದು ಡಬ್ಬಿ.